ಮೊದಲ ಸಾಲಿನ 786

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಈ ವೇಳೆಯನ್ನು ನಾನು ಅಂದಾಜಿನಿಂದ ಹೇಳುತ್ತಿಲ್ಲ. ಕಂಪ್ಯೂಟರ್ ತಾನು ಉಳಿಸಿಟ್ಟ ಪ್ರತಿ ಫೈಲಿನ ಪಕ್ಕದಲ್ಲಿ ಗಂಟೆ, ನಿಮಿಷ ಬರೆದಿಡುತ್ತದೆ. ಆ ಫೈಲಿನ ಪಕ್ಕದಲ್ಲಿ ಅದು ಬರೆದಿಟ್ಟದ್ದು 7:12. ಗಂಗಾವತಿಯ ಒಂದು ಸಣ್ಣ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನಲ್ಲಿದ್ದ ಎಂಟು ಕೂಸುಗಳ ಅಂದಿನ ತೂಕ ಅದರಲ್ಲಿತ್ತು. ಏಳು ಇಪ್ಪತ್ತಕ್ಕೆ ನಾನು ಬರೆದ ಪ್ರೋಗ್ರಾಂ ಆ ತೂಕಗಳನ್ನು ಓದಿ, ಯಾವ ಕೂಸಿಗೆ ಎಷ್ಟು ಔಷಧಿ ಎಂಬ ಪಟ್ಟಿ ಮಾಡಿತು. ಪ್ರಿಂಟರಿನಿಂದ ಬಂದ ಬೆಚ್ಚನೆಯ ಹಾಳೆಯನ್ನು ನಾನೇ ಕೈಯಾರೆ ಸಿಸ್ಟರಿಗೆ ಕೊಟ್ಟೆ. ಏಳೂವರೆಗೆ, ಆರನೆಯ ತೊಟ್ಟಿಲಲ್ಲಿದ್ದ ಒಂದು ಕಿಲೋ ಸಹ ತೂಗದ ಹೆಣ್ಣುಕೂಸಿನ ರಕ್ತನಾಳಕ್ಕೆ ಅದರ ಪಾಲಿನ ಎರಡರಷ್ಟಕ್ಕಿಂತಲೂ ಹೆಚ್ಚು ಔಷಧಿ ಇಳಿಯತೊಡಗಿತ್ತು.

ಅದಾಗಿ ಕೆಲವು ವರ್ಷಗಳಾಗಿವೆ. ಕೊಪ್ಪಳದ ಒಂದು ಚಿಕ್ಕ ಕಂಪ್ಯೂಟರ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಾನೀಗ ಮನೆಯಲ್ಲಿದ್ದೇನೆ. ಇಂದಿಗೂ ಹಾಲು ಕಾಯಿಸುವಾಗಲೋ ಬಟ್ಟೆ ಒಣಹಾಕುವಾಗಲೋ ಆ ಹಾಳೆ ನನ್ನ ಕೈಯಿಂದ ಸಿಸ್ಟರ ಕೈಗೆ ಹೋದ ಗಳಿಗೆ ಕಣ್ಣೆದುರು ಬರುತ್ತದೆ. ಪ್ರತಿ ಸಲವೂ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡುತ್ತೇನೆ. ಪ್ರತಿ ಸಲವೂ ಹಾಳೆ ಹೋಗಿಬಿಡುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಫೈಲಿನಿಂದ ಅಂಕಿ ಓದುವುದರಲ್ಲಿ ಅಂಥದ್ದೇನಿದೆ ಮೇಡಂ, ಒಂದು ಸಾಲಿನ ಕೋಡ್ ಅಲ್ಲವೇ ಎನ್ನುತ್ತಾರೆ. ನಾನೂ ಬಿ.ಎಸ್ಸಿ. ಮುಗಿಸಿ ಬಂದಾಗ ಹಾಗೆಯೇ ಅಂದುಕೊಂಡಿದ್ದೆ. ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಫೈಲಿನಲ್ಲಿರುವ 980 ಎಂಬುದು ಸಂಖ್ಯೆಯಲ್ಲ, ಮೂರು ಗುರುತುಗಳು. ಒಂಬತ್ತರ ಚಿತ್ರ, ಎಂಟರ ಚಿತ್ರ, ಸೊನ್ನೆಯ ಚಿತ್ರ. ಅವು ಒಂದು ಕೂಸಿನ ಭಾರವಾಗುವುದು ಯಾರೋ ಓದಿದಾಗ. ಓದುವವನು ಯಂತ್ರವಾದರೆ, ಆ ಯಂತ್ರಕ್ಕೆ ಓದಲು ಕಲಿಸಿದವರು ನಾವು.

ನನ್ನ ಹುದ್ದೆ ಯಾವಾಗ ಏರಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದನ್ನು ಬಿಟ್ಟುಬಿಡುತ್ತೇನೆ. ತಪ್ಪುಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಆ 7:12ಕ್ಕೆ ನಾನು ಒಂದೇ ಹೆಜ್ಜೆಗೆ ಹೋಗಿ ನಿಂತವಳಲ್ಲ.

ಮೊದಲನೆಯದು ಕುಷ್ಟಗಿಯದು. ಅಲ್ಲಿ ಲಾರಿ ತೂಗುವ ಕಾಟಾಕ್ಕೆ ನಾವು ಪ್ರೋಗ್ರಾಂ ಹಾಕಿಕೊಟ್ಟಿದ್ದೆವು. ಕಾಟಾ ನೋಡಿಕೊಳ್ಳುತ್ತಿದ್ದ ಬಸಣ್ಣ ತೂಕವನ್ನು ಫೈಲಿನಲ್ಲಿ ಬರೆಯಬೇಕು, ನಮ್ಮ ಪ್ರೋಗ್ರಾಂ ಅದನ್ನು ಓದಿ ಚೀಟಿ ಮುದ್ರಿಸಬೇಕು. ಪ್ರೋಗ್ರಾಂ ಹಾಕಿದ ಮರುದಿನ ಅವನ ಫೋನು ಬಂತು.

"ಅಕ್ಕಾರ, ಒಂದು ಸುದ್ದಿ ಕೇಳ್ರಿ. ಹತ್ತು ಗಾಲಿ ಲಾರಿ, ಸೇಂಗಾ ತುಂಬೈತಿ. ನಿಮ್ಮ ಯಂತ್ರ ಹನ್ನೆರಡು ಕಿಲೋ ಅಂತೈತಿ. ಹೆಗಲ ಮ್ಯಾಲೆ ಇಟ್ಕೊಂಡು ಮನಿಗೆ ಒಯ್ಯಲೇನ್ರಿ?"

ಅವನು 12,450 ಎಂದು ಬರೆದಿದ್ದ. ಶಾಲೆಯಲ್ಲಿ ನಮಗೆಲ್ಲ ಕಲಿಸಿದ ಹಾಗೆ ಸಾವಿರದ ನಂತರ ಅಲ್ಪವಿರಾಮ. ನನ್ನ ಪ್ರೋಗ್ರಾಮಿಗೆ ಅಲ್ಪವಿರಾಮವೆಂದರೆ ಅಂಕಿ ಮುಗಿಯಿತು ಎಂದರ್ಥ. ಅದು ಹನ್ನೆರಡನ್ನು ಓದಿ ಸುಮ್ಮನಾಯಿತು. ದೋಷವಿದೆ ಎಂದು ಕೂಗಲಿಲ್ಲ, ನಿಲ್ಲಲಿಲ್ಲ. ಅದರ ಪಾಲಿಗೆ ಎಲ್ಲವೂ ಸರಿಯಾಗಿತ್ತು. ನಾವೆಲ್ಲ ನಕ್ಕೆವು. ಓದಲಾರದೆ ನಿಂತುಬಿಡುವ ಯಂತ್ರಕ್ಕಿಂತ ತಪ್ಪು ಓದಿ ಮುಂದೆ ಹೋಗುವ ಯಂತ್ರಕ್ಕೆ ಹೆದರಬೇಕು ಎಂಬುದನ್ನು ನಾನು ಅಂದೇ ಕಲಿಯಬಹುದಿತ್ತು. ನಗು ಮುಗಿಯಿತು, ಪಾಠ ಅಲ್ಲಿಯೇ ಉಳಿಯಿತು.

ಎರಡನೆಯದು ಯಲಬುರ್ಗಾ ಕಡೆಯ ಒಂದು ಹಳ್ಳಿಯದು. ಅಲ್ಲಿನ ಶಾಲೆಯ ಅಂಗಳದಲ್ಲಿ ಮಳೆಮಾಪಕವಿತ್ತು. ವಯಸ್ಸಾದ ಒಬ್ಬ ಮಾಸ್ತರರು ದಿನವೂ ಬೆಳಿಗ್ಗೆ ಅದನ್ನು ನೋಡಿ, ಎಷ್ಟು ಮಿಲಿಮೀಟರ್ ಮಳೆ ಬಂತೆಂದು ಶಾಲೆಯ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಒಂದು ಸಾಲಿನಲ್ಲಿ ತಾರೀಖು, ಅದರ ಮುಂದೆ ಮಳೆ. ಅವರು ಬರೆಯುತ್ತಿದ್ದುದು ಅಚ್ಚ ಕನ್ನಡ ಅಂಕಿಗಳಲ್ಲಿ.

ಆ ಹೊತ್ತಿಗೆ ನಾವು ಹೊಸ ಭಾಷೆಯೊಂದರಲ್ಲಿ ಪ್ರೋಗ್ರಾಂ ಬರೆಯಲು ಶುರು ಮಾಡಿದ್ದೆವು. ಕನ್ನಡ ಅಂಕಿ ನೋಡಿ ಅದು ಬಿದ್ದುಹೋಗುತ್ತದೆ, ಪ್ರತಿ ಅಂಕಿಯನ್ನೂ ಬದಲಿಸುವ ಕೋಡ್ ಬರೆಯಬೇಕಾಗುತ್ತದೆ ಎಂದು ನಾನು ಅರ್ಧ ದಿನ ಬಿಡುವು ಮಾಡಿಕೊಂಡು ಕುಳಿತೆ. ಅದು ೧೨.೫ ಎಂಬುದನ್ನು ತಾನಾಗಿಯೇ ಹನ್ನೆರಡೂವರೆ ಎಂದು ಓದಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಊರನ್ನು ನಕ್ಷೆಯಲ್ಲೂ ನೋಡಿರದ ಯಾರೋ, ಎಲ್ಲಿಯೋ ಕುಳಿತು, ಯಲಬುರ್ಗಾದ ಮಾಸ್ತರರೊಬ್ಬರು ಹೀಗೆ ಬರೆದಾರು ಎಂದು ಮುಂಚೆಯೇ ಯೋಚಿಸಿದ್ದರು. ಆ ದಿನ ನನ್ನ ಕೆಲಸದ ಬಗ್ಗೆ ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಆದರೆ ಕೆಲವು ಸಾಲುಗಳು ಮಾತ್ರ ಓದಲಾಗದೆ ಪ್ರೋಗ್ರಾಂ ನಿಲ್ಲುತ್ತಿತ್ತು. ಹತ್ತು, ಇಪ್ಪತ್ತು, ಮೂವತ್ತು ಬಂದಾಗ ನಿಲ್ಲುತ್ತಿತ್ತು. ಪರದೆಯ ಮೇಲೆ ಏನೂ ತಪ್ಪಿರಲಿಲ್ಲ. ಎರಡು ದಿನ ಕಣ್ಣು ಕಿಸಿದು ನೋಡಿದ ಮೇಲೆ ಗೊತ್ತಾಯಿತು. ಮಾಸ್ತರರು ಸೊನ್ನೆಗೆ ಅಂಕಿಯ ಸೊನ್ನೆಯ ಬದಲು ಅಕ್ಷರದ ಸೊನ್ನೆ ಒತ್ತುತ್ತಿದ್ದರು. 'ಅಂಗಳ' ಎಂಬಲ್ಲಿ ಬರುವ ಸೊನ್ನೆ. ಕಣ್ಣಿಗೆ ಎರಡೂ ಒಂದೇ ದುಂಡು. ನಾನು ಹೋಗಿ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಲವತ್ತು ವರ್ಷ ಮಕ್ಕಳಿಗೆ ಇದಕ್ಕೂ ಸೊನ್ನಿ, ಅದಕ್ಕೂ ಸೊನ್ನಿ ಅಂತ ಕಲಿಸೇನವ್ವ. ನಿನ್ನ ಯಂತ್ರ ಯಾವ ಸಾಲ್ಯಾಗ ಕಲತೈತಿ?"

"ನಮ್ಮ ಸಾಲಿಗೇ ಬಂದಿಲ್ರಿ ಸರ್, ಅದಕ್ಕ ಹಿಂಗಾಗೇತಿ" ಎಂದೆ.

ಆ ಸೊನ್ನೆಗಳನ್ನು ಸರಿಪಡಿಸಿ ಬಂದೆ. ಒಂದು ವಾರಕ್ಕೆ ಪ್ರೋಗ್ರಾಂ ಮತ್ತೆ ನಿಂತಿತು. ಈ ಸಲ ಮಾಸ್ತರರು ಒಂದು ತಾರೀಖಿನ ಮುಂದೆ ಅಂಕಿಯನ್ನೇ ಬರೆದಿರಲಿಲ್ಲ. 'ತುಂತುರು' ಎಂದು ಬರೆದಿದ್ದರು. ಸೊನ್ನೆ ಬರೆಯಿರಿ ಎಂದು ಫೋನಿನಲ್ಲಿ ಕೇಳಿಕೊಂಡೆ.

"ಸೊನ್ನಿ ಹ್ಯಾಂಗ ಬರೀಲಿ? ನನ್ನ ಅಂಗಿ ತೊಯ್ದೈತಿ. ಮಳಿ ಬಂದೈತಿ, ಅಳತಿಗೆ ಸಿಕ್ಕಿಲ್ಲ. ಬರಲೇ ಇಲ್ಲ ಅಂತ ಬರದ್ರ ಸುಳ್ಳಾಕ್ಕೈತಿ."

ಈ ಮಾತನ್ನು ನಾನು ನಮ್ಮ ಕಚೇರಿಯ ಮುಖ್ಯಸ್ಥರಿಗೆ ಹೇಳಿದೆ. ಅವರನ್ನು ನಾವೆಲ್ಲ ಸರ್ ಎಂದಷ್ಟೇ ಕರೆಯುತ್ತಿದ್ದೆವು. ಕೆಲಸದಲ್ಲಿ ಗಟ್ಟಿ ಮನುಷ್ಯ, ಆದರೆ ಗಿರಾಕಿಯ ಫೋನು ಬಂದರೆ ಅವರಿಗೆ ಬೆವರು. ಯಲಬುರ್ಗಾ ಅಷ್ಟೇ ಅಲ್ಲ, ಎಲ್ಲ ಕಡೆಯಿಂದಲೂ ಪ್ರೋಗ್ರಾಂ ನಿಂತಿದೆ, ನಿಂತಿದೆ ಎಂಬ ಫೋನುಗಳೇ ಬರುತ್ತಿದ್ದ ಕಾಲ ಅದು.

"ಗಿರಿಜಾ, ಒಂದು ಕೆಲಸ ಮಾಡು" ಎಂದರು. "ಓದಾಕ ಬರಲಿಲ್ಲ ಅಂದ್ರ ಆ ಸಾಲು ಬಿಟ್ಟು ಮುಂದ ಹೋಗ್ಲಿ. ನಿಂದ್ರಬಾರದು. ನಿಂತರ ನಮ್ಮ ಹೆಸರು ಕೆಡತೈತಿ."

ಎರಡು ಸಾಲಿನ ಬದಲಾವಣೆ. ಓದಲು ಯತ್ನಿಸು, ಆಗದಿದ್ದರೆ ಸುಮ್ಮನೆ ಮುಂದಕ್ಕೆ ನಡೆ. ನಾನು ಬರೆದೆ. ಮಳೆಯ ಫೈಲಿಗೆ ಅದರಿಂದ ಕೇಡಾಗಲಿಲ್ಲ, ಏಕೆಂದರೆ ಪ್ರತಿ ಸಾಲಿನಲ್ಲೂ ತಾರೀಖಿತ್ತು. ಒಂದು ಸಾಲು ಬಿಟ್ಟುಹೋದರೂ ಉಳಿದವು ತಮ್ಮ ತಮ್ಮ ದಿನಕ್ಕೆ ಅಂಟಿಕೊಂಡಿದ್ದವು. ಫೋನುಗಳು ನಿಂತವು. ಸರ್ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ತರಿಸಿದರು. ಅಂದಿನಿಂದ ನಮ್ಮ ಕಚೇರಿಯ ಎಲ್ಲ ಪ್ರೋಗ್ರಾಮುಗಳಲ್ಲೂ ಆ ಎರಡು ಸಾಲು ಸೇರಿಕೊಂಡವು. ಗಂಗಾವತಿಯ ಆಸ್ಪತ್ರೆಗೆ ಬರೆದದ್ದರಲ್ಲೂ.

ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಒಳ್ಳೆಯವರಿದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಎಂಟು ಬೆಚ್ಚನೆಯ ತೊಟ್ಟಿಲುಗಳಲ್ಲಿ ಇಟ್ಟು ಉಳಿಸಿಕೊಳ್ಳುತ್ತಿದ್ದರು. ಅಂಥ ಕೂಸಿಗೆ ಹನಿ ಹಾಲೂ ಹನಿ ಔಷಧಿಯೂ ಅದರ ಅಂದಿನ ತೂಕದ ಮೇಲೆಯೇ ನಿರ್ಧಾರವಾಗಬೇಕು. ದಿನವೂ ಎಂಟು ಕೂಸುಗಳ ಲೆಕ್ಕವನ್ನು ಕೈಯಲ್ಲಿ ಮಾಡಿ ದಣಿಯುತ್ತಿದ್ದ ಹಿರಿಯ ಸಿಸ್ಟರ್ ಸುಲೋಚನಾ ಇದಕ್ಕೊಂದು ಪ್ರೋಗ್ರಾಂ ಬರೆದುಕೊಡಿ ಎಂದು ನಮ್ಮನ್ನು ಕೇಳಿದರು. ತೊಟ್ಟಿಲ ನಂಬರು, ತಾಯಿಯ ಹೆಸರು, ತೂಕ ಎಲ್ಲವನ್ನೂ ಬರೆಯಬೇಕೆಂದು ನಾನು ಮೊದಲು ಹೇಳಿದ್ದೆ.

"ಗಿರಿಜಕ್ಕ, ನಮಗೆ ಇರೂದು ಎರಡ ಕೈ" ಎಂದರು ಅವರು. "ಒಂದರಾಗ ಕೂಸು, ಒಂದರಾಗ ಸೀಸೆ. ಇಷ್ಟೆಲ್ಲ ಬರಿಯಾಕ ಮೂರನೇದು ನೀವು ಕೊಡ್ತೀರೇನು?"

ಸರಿ, ಬರೇ ತೂಕ ಬರೆಯಿರಿ ಎಂದೆ. ಒಂದು ಸಾಲಿಗೆ ಒಂದು ತೂಕ. ಮೊದಲನೆಯ ತೂಕ ಮೊದಲನೆಯ ತೊಟ್ಟಿಲಿನದು, ಎರಡನೆಯದು ಎರಡನೆಯದರದು, ಹೀಗೆ ಎಂಟು. ಎಂಟು ಅಂಕಿ ಸಿಕ್ಕ ಕೂಡಲೇ ಪ್ರೋಗ್ರಾಂ ಓದುವುದನ್ನು ನಿಲ್ಲಿಸುತ್ತದೆ. ಅವರಿಗೆ ಬರೆಯುವುದನ್ನು ಕಡಿಮೆ ಮಾಡಿಕೊಟ್ಟೆನೆಂದು ನನಗೆ ಹೆಮ್ಮೆ. ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಸಲೆಂದು ಔಷಧಿಯ ಅಳತೆಯನ್ನು ತೊಟ್ಟಿಲ ನಂಬರಿನ ಪಕ್ಕಕ್ಕೆ ತಂದು, ತೂಕವನ್ನು ಬಲಗಡೆಯ ಕೊನೆಗೆ ಸಣ್ಣ ಅಕ್ಷರದಲ್ಲಿ ಸರಿಸಿದೆ. ಅದೂ ನನ್ನ ಜಾಣತನವೇ.

ಒಂದು ವರ್ಷ ಒಂದು ತಪ್ಪೂ ಆಗಲಿಲ್ಲ. ತೂಕ ಬರೆಯುತ್ತಿದ್ದ ಕವಿತಾ ಎಂಬ ಹುಡುಗಿ ಮದುವೆಯಾಗಿ ಹೊರಟುಹೋದಳು. ಅವಳ ಜಾಗಕ್ಕೆ ಮುಮ್ತಾಜ್ ಬಂದಳು. ಗಂಗಾವತಿಯವಳೇ, ತಂದೆ ದರ್ಜಿ. ಅವಳ ಮೊದಲ ಬೆಳಗು ಅದು. ಹೊಸ ಪ್ರಿಂಟರ್ ಜೋಡಿಸಲೆಂದು ನಾನು ಹಿಂದಿನ ಸಂಜೆಯೇ ಬಂದು ಸಂಬಂಧಿಕರ ಮನೆಯಲ್ಲಿದ್ದು, ಬೆಳಕು ಹರಿಯುತ್ತಲೇ ಆಸ್ಪತ್ರೆಗೆ ಬಂದಿದ್ದೆ.

ಮುಮ್ತಾಜ್ ಸೆರಗು ಸರಿಪಡಿಸಿಕೊಂಡು ಕಂಪ್ಯೂಟರ್ ಮುಂದೆ ಕುಳಿತದ್ದು, ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ. ಹೊಸ ಕೆಲಸ, ಭಯವಿರಬೇಕು ಎಂದುಕೊಂಡೆ. ಅವಳು ಬರೆದು ಉಳಿಸಿದಳು. 7:12.

ಪ್ರಿಂಟರ್ ಹಾಳೆಯನ್ನು ನುಣ್ಣಗೆ ಹೊರಗೆ ಬಿಟ್ಟಿತು. ಮಸಿ ಎಷ್ಟು ಸ್ಪಷ್ಟವಾಗಿ ಮೂಡಿದೆ ಎಂದು ನಾನು ನೋಡಿದೆನೇ ಹೊರತು ಏನು ಮೂಡಿದೆ ಎಂದು ನೋಡಲಿಲ್ಲ. ಪಾಳಿ ಬದಲಾಗುವ ಹೊತ್ತು. ಸುಲೋಚನಾ ಸಿಸ್ಟರ್ ಹಾಳೆ ತೆಗೆದುಕೊಂಡು ನೇರವಾಗಿ ಆರನೆಯ ತೊಟ್ಟಿಲಿಗೆ ಹೋದರು. ಅಲ್ಲಿದ್ದ ಕೂಸು ಉಸಿರಾಡುವುದನ್ನು ಮರೆಯುತ್ತಿತ್ತು. ನಿಜವಾಗಿಯೂ ಮರೆಯುವುದೇ. ಇಷ್ಟು ಬೇಗ ಹುಟ್ಟಿದ ಕೂಸುಗಳು ಮಲಗಿದಲ್ಲಿಯೇ ಉಸಿರು ನಿಲ್ಲಿಸಿಬಿಡುತ್ತವೆ. ಪಾದಕ್ಕೆ ಬೆರಳಿನಿಂದ ತಟ್ಟಿದರೆ ಮತ್ತೆ ನೆನಪು ಮಾಡಿಕೊಂಡು ಎಳೆಯುತ್ತವೆ. ಆ ಮರೆವನ್ನು ತಡೆಯುವ ಔಷಧಿಯೊಂದನ್ನು ದಿನವೂ ಬೆಳಿಗ್ಗೆ ನಿಧಾನವಾಗಿ ರಕ್ತಕ್ಕೆ ಇಳಿಸಬೇಕು. ಅದು ಕಡಿಮೆಯಾದರೆ ಕೂಸು ಉಸಿರು ಮರೆಯುತ್ತದೆ. ಹೆಚ್ಚಾದರೆ ಎದೆಬಡಿತ ಹದ ತಪ್ಪುತ್ತದೆ, ಸೆಟೆತ, ಅಂದರೆ ಫಿಟ್ಸ್, ಬರಬಹುದು, ಬಂದದ್ದು ನಿಲ್ಲದಿರಬಹುದು.

ನಾನು ಪ್ರಿಂಟರಿನ ಪೆಟ್ಟಿಗೆಯನ್ನು ಮಡಚುತ್ತಿದ್ದೆ. ಮುಮ್ತಾಜ್ ಹಾಳೆಯ ಇನ್ನೊಂದು ಪ್ರತಿಯನ್ನು ಕಡತಕ್ಕೆ ಹಾಕಲು ಎತ್ತಿಕೊಂಡವಳು ಹಾಗೆಯೇ ನಿಂತಳು.

"ಅಕ್ಕಾ, ಇಲ್ಲಿ ನೋಡ್ರಿ. ಒಂದನೇ ತೊಟ್ಟಿಲಾಗ ಏಳುನೂರ ಎಂಬತ್ತಾರು ಅಂತ ಬಂದೈತಿ."

"ಹೌದು, ಅದು ಆ ಕೂಸಿನ ತೂಕ."

"ಅಲ್ರಿ. ಅದು ತೂಕ ಅಲ್ರಿ. ಅದು ನಂದು."

ನನಗೆ ಅರ್ಥವಾಗಲಿಲ್ಲ. ಅವಳ ದನಿ ತೀರ ಸಣ್ಣದಾಗಿತ್ತು. "ಬರಿಯಾಕ ಕುಂತಾಗ ಮ್ಯಾಲೆ ಹಾಕ್ತೀವಲ್ರಿ. ದೇವರ ಹೆಸರಿನ ಬದಲಿ. ಅದನ್ನ್ಯಾಕ ಇಲ್ಲಿ ತಂದೈತಿ ಇದು?"

ಅವಳು ಮೊದಲ ಸಾಲಿನಲ್ಲಿ 786 ಎಂದು ಬರೆದು, ಕೆಳಗಿನ ಎಂಟು ಸಾಲುಗಳಲ್ಲಿ ಎಂಟು ತೂಕ ಬರೆದಿದ್ದಳು. ಒಂದೂ ತಪ್ಪಿರಲಿಲ್ಲ. ಪ್ರೋಗ್ರಾಂ 786ನ್ನು ಮೊದಲ ತೊಟ್ಟಿಲಿಗೆ ಕೊಟ್ಟಿತ್ತು. ಮೊದಲನೆಯದರ ತೂಕ ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಎಲ್ಲವೂ ಒಂದೊಂದು ಮನೆ ಕೆಳಕ್ಕೆ ಜಾರಿದ್ದವು. ಕೊನೆಯ ಕೂಸಿನ ತೂಕ ಹೊರಗೇ ಉಳಿದಿತ್ತು. 786 ಗ್ರಾಂ ತೂಗುವ ಕೂಸುಗಳೂ ಹುಟ್ಟುತ್ತವೆ, ಆದ್ದರಿಂದ ಯಂತ್ರಕ್ಕಾಗಲಿ ಅವಸರದ ಕಣ್ಣಿಗಾಗಲಿ ಅನುಮಾನ ಬರುವಂತಿರಲಿಲ್ಲ. ನಾನು ಬೆರಳಿಟ್ಟು ಹಾಳೆಯಲ್ಲಿ ಕೆಳಗಿಳಿದೆ. ಆರನೆಯ ತೊಟ್ಟಿಲಿನ ಎದುರು 2210 ಎಂದಿತ್ತು. ಅದು ಐದನೆಯದರ ತೂಕ. ಆರನೆಯದು 980.

ನಾನು ಹಾಳೆಯಿಂದ ಕಣ್ಣೆತ್ತುವುದರೊಳಗೆ ಮುಮ್ತಾಜಳೇ ಹೋಗಿ ಸಿಸ್ಟರ ಮೊಣಕೈ ಹಿಡಿದಳು. "ನಿಲ್ಲಸ್ರಿ ಸಿಸ್ಟರ್. ಹಾಳಿ ತಪ್ಪೈತಿ."

ಸಿರಿಂಜಿನಲ್ಲಿ ಕೊನೆಯ ಒಂದು ಗೀಟಿನಷ್ಟು ಉಳಿದಿತ್ತು.

ಮುಂದಿನದನ್ನು ನಾನು ಗೋಡೆಗೆ ಒರಗಿ ನೋಡಿದೆ. ಸಿಸ್ಟರ್ ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕಲಿಲ್ಲ. ಮಡಚಿ ಜೇಬಿನಲ್ಲಿಟ್ಟು, ಪೆನ್ನು ತೆಗೆದು ಎಂಟು ಕೂಸುಗಳ ಲೆಕ್ಕವನ್ನು ಕೈಯಲ್ಲಿ ಮಾಡಿದರು. ಬೇರೆ ಯಾವ ಕೂಸಿಗೂ ಇನ್ನೂ ಏನೂ ಕೊಟ್ಟಿರಲಿಲ್ಲ. ಡಾಕ್ಟರಮ್ಮ ಓಡಿಬಂದರು. ಆರನೆಯ ತೊಟ್ಟಿಲಿನ ಮೇಲಿದ್ದ ಯಂತ್ರದಲ್ಲಿ ಎದೆಬಡಿತದ ಅಂಕಿ ಏರುತ್ತಿತ್ತು. ನೂರ ಎಂಬತ್ತು. ನೂರ ತೊಂಬತ್ತೆಂಟು. ಇನ್ನೂರ ಹದಿನಾಲ್ಕು. ಜೀವಮಾನವೆಲ್ಲ ಅಂಕಿ ಓದಿದವಳು ನಾನು. ಅಂಕಿಯೊಂದನ್ನು ಇಳಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಕೂಸಿನ ಕೈ ನನ್ನ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಆ ಕೈ ಸಣ್ಣಗೆ ನಡುಗುತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದು ಕೂಸಿನ ತಾಯಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಯಲ್ಲವ್ವ, ಹತ್ತಿರದ ಮರಳಿ ಎಂಬ ಹಳ್ಳಿಯವಳು, ಭತ್ತದ ನಾಟಿಗೆ ಹೋಗುವವಳು. ಅವರು ಮಾತು ಮುಗಿಸಿದ ಮೇಲೆ ನಾನು ಹತ್ತಿರ ಹೋದೆ. ತಪ್ಪು ಸಿಸ್ಟರದೂ ಅಲ್ಲ, ಬರೆದ ಹುಡುಗಿಯದೂ ಅಲ್ಲ, ನನ್ನದು ಎಂದೆ.

"ನೀವ್ಯಾರ್ರಿ?"

"ಕಂಪ್ಯೂಟರ್ ಮಾಡಿಕೊಟ್ಟಾಕಿ."

"ನನ್ನ ಕೂಸು ಒಂದು ಕಿಲೋನೂ ಇಲ್ಲ ಅಂತ ಹುಟ್ಟಿದಾಗಿಂದ ಎಲ್ಲಾರೂ ಹೇಳತಾರ. ನಿಮ್ಮ ಕಂಪ್ಯೂಟರ್ ಒಂದ ನೋಡ್ರಿ, ಎರಡು ಕಿಲೋದ ಮ್ಯಾಲೆ ಅಂದೈತಿ."

ಅವಳು ವಾರ್ಡಿನ ಬಾಗಿಲ ಕಡೆ ಕೈ ತೋರಿಸಿದಳು.

"ಅದು ಖರೆ ಆಗೂ ತನಕ ನೀವು ಬಂದು ನೋಡಬೇಕ್ರಿ. ಹೇಳಿ ಹೋಗಿಬಿಡೂದಲ್ಲ."

ಬರುತ್ತೇನೆ ಎಂದೆ.

ಮಧ್ಯಾಹ್ನದ ಹೊತ್ತಿಗೆ ಕೊಪ್ಪಳದಿಂದ ನಮ್ಮ ಸರ್ ಬಂದರು. ಆಸ್ಪತ್ರೆಯ ವ್ಯವಸ್ಥಾಪಕರು ಮುಮ್ತಾಜಳನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ತೂಕ ಬರಿ ಅಂದ್ರ ದೇವರನ್ನ ಯಾಕ ಬರದಿ ಎಂದು ಅವರು ಕೇಳುತ್ತಿದ್ದರು. ನಾಳೆಯಿಂದ ಬರಬೇಡ ಎಂಬುದು ಅವರ ಬಾಯಿಗೆ ಬಂದಾಗಿತ್ತು.

"ಸಾಲಿ ಪರೀಕ್ಷೆದಾಗೂ ಪೇಪರ್ ಮ್ಯಾಲೆ ಬರೀತಿದ್ದೆ ಸರ್" ಎಂದಳು ಮುಮ್ತಾಜ್. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಯಾವ ಮಾಸ್ತರೂ ಅದನ್ನ ನನ್ನ ಮಾರ್ಕ್ಸಿಗೆ ಕೂಡಿಸಿಲ್ರಿ."

ಈ ಮಾತು ನನ್ನ ತಲೆಯಲ್ಲಿ ದೀಪ ಹಚ್ಚಿದಂತಾಯಿತು. ಬರೆಯಲು ಕುಳಿತವರು ಮೇಲೆ ಏನಾದರೂ ಹಾಕುವುದು ರೂಢಿ. ಹಾಗಾದರೆ ಕವಿತಾ ಏನು ಬರೆಯುತ್ತಿದ್ದಳು? ನಾನು ಒಳಗೆ ಹೋಗಿ ಹಳೆಯ ಫೈಲುಗಳನ್ನು ತೆರೆದೆ. ಒಂದು ವರ್ಷದ ಫೈಲುಗಳು. ಪ್ರತಿ ದಿನದ ಫೈಲಿನ ಮೊದಲ ಸಾಲಿನಲ್ಲಿ 'ಶ್ರೀ' ಎಂದಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಶ್ರೀ ಎಂಬುದು ಅಂಕಿಯಲ್ಲವಾದ್ದರಿಂದ ಪ್ರೋಗ್ರಾಂ ಅದನ್ನು ಓದಲಾರದೆ, ನಾನು ಕಲಿಸಿದಂತೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಿತ್ತು. ಇಬ್ಬರು ಹುಡುಗಿಯರೂ ಕೆಲಸಕ್ಕೆ ಕೈ ಹಚ್ಚುವ ಮೊದಲು ಮಾಡಿದ್ದು ಒಂದೇ. ಒಬ್ಬಳದು ಅಕ್ಷರ, ಒಬ್ಬಳದು ಅಂಕಿ. ಆ ಎಂಟು ತೊಟ್ಟಿಲುಗಳಿಗೆ ಬಂದ ಜೀವಗಳು ಅಷ್ಟು ದಿನ ಉಳಿದದ್ದು ನನ್ನ ಜಾಣತನದಿಂದಲ್ಲ, ಆ ಒಂದು ಅಕ್ಷರ ಅಂಕಿಯಾಗಿರಲಿಲ್ಲ ಎಂಬ ಕಾರಣದಿಂದ. ತೂಕದ ನಡುವೆ ಯಾರಾದರೂ ಒಮ್ಮೆ ಅಂಕಿಯ ಜಾಗದಲ್ಲಿ ಅಕ್ಷರ ಒತ್ತಿದ್ದರೂ ಆ ಸಾಲು ಬಿಟ್ಟುಹೋಗಿ ಕೆಳಗಿನವೆಲ್ಲ ಮೇಲಕ್ಕೆ ಜಾರುತ್ತಿದ್ದವು. ವರ್ಷವಿಡೀ, ದಿನದಿನವೂ, ನಾವು ಅಂಚಿನಲ್ಲಿ ನಡೆದಿದ್ದೆವು.

ಹತ್ತು ಫೈಲುಗಳನ್ನು ಮುದ್ರಿಸಿ ತಂದು ವ್ಯವಸ್ಥಾಪಕರ ಮುಂದೆ ಇಟ್ಟೆ. ಅವರು ಒಂದೊಂದನ್ನೇ ನೋಡಿ ಕೆಳಗಿಟ್ಟರು. ನಮ್ಮ ಸರ್ ನನ್ನ ಪರವಾಗಿ ಏನಾದರೂ ಸಬೂಬು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಿಂದ ಎದ್ದರು.

"ಈ ಹುಡುಗಿನ್ನ ಬಿಡ್ರಿ" ಎಂದರು. "ಸಾಲು ಬಿಟ್ಟು ಹೋಗು ಅಂದಾವ ನಾನು. ಪ್ರೋಗ್ರಾಂ ಬರದಾಕಿ ಈ ಗಿರಿಜಾ. ಕೇಳೂದಿದ್ರ ನಮ್ಮಿಬ್ಬರನ್ನ ಕೇಳ್ರಿ."

ಅವರ ಬಗ್ಗೆ ನನಗೆ ಹಲವು ದೂರುಗಳಿದ್ದವು. ಅಂದಿನಿಂದ ಅವು ನೆನಪಿಗೆ ಬರುವುದಿಲ್ಲ. ಮುಮ್ತಾಜ್ ಕೆಲಸದಲ್ಲಿ ಉಳಿದಳು.

ಆ ವಾರವಿಡೀ ಕೈಲೆಕ್ಕವೇ ನಡೆಯಿತು. ನಾನು ಹೊಸದಾಗಿ ಪ್ರೋಗ್ರಾಂ ಬರೆದೆ. ಈಗಿನವರು ಇದನ್ನೊಂದು ಗಮನವಿಟ್ಟು ಓದಲಿ. ಪ್ರತಿ ಸಾಲಿನಲ್ಲಿ ತೊಟ್ಟಿಲ ನಂಬರು, ತಾಯಿಯ ಹೆಸರು, ತೂಕ. ಓದಲಾಗದ ಸಾಲು ಬಂದರೆ ಪ್ರೋಗ್ರಾಂ ನಿಲ್ಲಬೇಕು, ಎಷ್ಟನೆಯ ಸಾಲು, ಅಲ್ಲಿ ಏನು ಬರೆದಿದೆ ಎಂದು ತೋರಿಸಬೇಕು, ಸರಿಪಡಿಸುವವರೆಗೆ ಪಟ್ಟಿ ಕೊಡಬಾರದು. ನಿನ್ನೆಯ ತೂಕಕ್ಕೂ ಇಂದಿನದಕ್ಕೂ ತೀರ ಅಂತರವಿದ್ದರೆ ಆಗಲೂ ನಿಲ್ಲಬೇಕು. ಎಂಟು ತೊಟ್ಟಿಲಿಗೆ ಒಂಬತ್ತು ಅಂಕಿ ಬಂದರೂ ನಿಲ್ಲಬೇಕು. ಪಟ್ಟಿಯಲ್ಲಿ ತೂಕವೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕು. ಸಿಸ್ಟರಿಗೆ ಮೂರನೆಯ ಕೈ ಕೊಡಲು ನನ್ನಿಂದಾಗಲಿಲ್ಲ. ಅವರೇ ಹೆಚ್ಚಿಗೆ ಬರೆಯಲು ಒಪ್ಪಿಕೊಂಡರು.

ಫೈಲಿನಲ್ಲಿ ತೂಕ ಬಿಟ್ಟು ಬೇರೇನೂ ಬರೆಯಕೂಡದು ಎಂದು ಗೋಡೆಗೆ ಚೀಟಿ ಹಚ್ಚೋಣ ಎಂದು ವ್ಯವಸ್ಥಾಪಕರು ಹೇಳಿದರು. ನನಗೆ ಯಲಬುರ್ಗಾದ ಮಾಸ್ತರರ ತೊಯ್ದ ಅಂಗಿ ನೆನಪಾಯಿತು. ಮನುಷ್ಯರು ಬರೆಯುವುದೇ ಹೀಗೆ. ಯಂತ್ರ ಅದಕ್ಕೆ ಸಿದ್ಧವಾಗಿರಬೇಕು. ಮೊದಲ ಸಾಲು ಬರೆಯುವವರದು ಎಂದು ನಾನು ಪ್ರೋಗ್ರಾಮಿನಲ್ಲಿಯೇ ಬರೆದೆ. ಅಲ್ಲಿ ಏನಿದ್ದರೂ ಅದನ್ನು ಓದಕೂಡದು, ಲೆಕ್ಕಕ್ಕೆ ತೆಗೆದುಕೊಳ್ಳಕೂಡದು, ಅಳಿಸಲೂ ಕೂಡದು. ತೂಕ ಶುರುವಾಗುವುದು ಎರಡನೆಯ ಸಾಲಿನಿಂದ.

ಆರನೆಯ ತೊಟ್ಟಿಲಿನ ಎದೆಬಡಿತ ಆ ಸಂಜೆಯ ಹೊತ್ತಿಗೆ ಇಳಿಯಿತು. ಸೆಟೆತ ಬರಲಿಲ್ಲ. ಆದರೆ ಮೂರು ದಿನ ಏನನ್ನೂ ಹೇಳಲಾಗದು ಎಂದರು ಡಾಕ್ಟರಮ್ಮ. ಮೂರು ದಿನ ಕಳೆದ ಮೇಲೆ, ಒಂದು ತಿಂಗಳಾದರೂ ನೋಡಬೇಕು ಎಂದರು. ಆ ದಿನಗಳಲ್ಲಿ ನನಗೆ ನಿದ್ದೆ ಹತ್ತಿದರೆ ಒಂದು ತಾಸು. ಪ್ರಿಂಟರಿನ ಸದ್ದು ಕೇಳಿ ಎಚ್ಚರವಾಗುತ್ತಿತ್ತು. ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ.

ಪ್ರತಿ ಶನಿವಾರ ಕೊಪ್ಪಳದಿಂದ ಬಸ್ಸು ಹತ್ತಿದೆ. ಮುಮ್ತಾಜ್ ಬಾಗಿಲಲ್ಲೇ ಅಂದಿನ ತೂಕ ಹೇಳುತ್ತಿದ್ದಳು. ಮೊದಲ ಶನಿವಾರ ಕೂಸು ಏರುವ ಬದಲು ಇಳಿದಿತ್ತು, 955. ಯಲ್ಲವ್ವ ನನ್ನ ಕಡೆ ನೋಡಲಿಲ್ಲ. ಎರಡನೆಯ ವಾರ 1010. ಆಮೇಲೆ ಡಾಕ್ಟರಮ್ಮ ಕೂಸನ್ನು ಅವಳ ಎದೆಗೆ ಬಟ್ಟೆಯಲ್ಲಿ ಕಟ್ಟಿಸಿದರು, ಮೈಗೆ ಮೈ ತಾಗುವಂತೆ. ಅವಳು ಗಂಟೆಗಟ್ಟಲೆ ಅಲುಗದೆ ಕುಳಿತಿರುತ್ತಿದ್ದಳು. ಮೊದಮೊದಲು ಒಂದು ದಿನಕ್ಕೆ ಹದಿನೈದು ಗ್ರಾಂ ಏರುತ್ತಿತ್ತು, ಒಂದು ದೊಡ್ಡ ಚಮಚ ಸಕ್ಕರೆಯ ಭಾರ. ಆ ಚಮಚವನ್ನು ತುಂಬಿಸುತ್ತಿದ್ದುದು ಯಾವ ಲೆಕ್ಕ, ಯಾರು ಬರೆದ ಪ್ರೋಗ್ರಾಂ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ಎರಡು ಪಟ್ಟು ಔಷಧಿಯನ್ನು ಆ ಹಿಡಿಯಷ್ಟು ದೇಹ ಹೇಗೆ ತಡೆದುಕೊಂಡಿತು ಎಂದು ಡಾಕ್ಟರಮ್ಮನನ್ನು ಒಮ್ಮೆ ಕೇಳಿದೆ. ಪುಸ್ತಕದಲ್ಲಿರುವುದನ್ನು ಹೇಳಬಲ್ಲೆ, ಆದರೆ ಇದು ಅಷ್ಟರಲ್ಲಿ ಮುಗಿಯುವುದಿಲ್ಲ ಎಂದರು ಅವರು.

ಐದನೆಯ ಶನಿವಾರ ಯಲ್ಲವ್ವ ತಾನಾಗಿ ಮಾತಾಡಿದಳು. "ದೂರ ಯಾಕ ನಿಂತೀರಿ? ಹಿಡೀರಿ, ಕಚ್ಚಂಗಿಲ್ಲ ಅದು." ನಾನು ಕೈ ತೊಳೆದುಕೊಂಡು ಕೂಸನ್ನು ತೆಗೆದುಕೊಂಡೆ. ಎಷ್ಟು ಗ್ರಾಂ ಎಂದು ಮುಮ್ತಾಜ್ ಹೇಳಿದಳು, ನನಗೆ ಕೇಳಿಸಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಓದಿದ ಲಕ್ಷಗಟ್ಟಲೆ ತೂಕಗಳಲ್ಲಿ ಕೈಯಲ್ಲಿ ಹಿಡಿದದ್ದು ಅದೊಂದನ್ನೇ.

ಒಂಬತ್ತನೆಯ ಶನಿವಾರ ನಾನು ಹೋದಾಗ ಯಲ್ಲವ್ವ ಚೀಲ ಕಟ್ಟಿಕೊಂಡು ಕುಳಿತಿದ್ದಳು. ಮರಳಿಗೆ ಹೋಗಲು ಆಟೋ ಬಂದಿತ್ತು. ಡಾಕ್ಟರಮ್ಮ ಕಣ್ಣು, ಕಿವಿ ಎಲ್ಲ ನೋಡಿ ಮುಗಿಸಿದ್ದರು. ಯಾವ ಕೊರತೆಯೂ ಕಾಣಲಿಲ್ಲ ಎಂದು ಬರೆದಿದ್ದರು. ಅಂದಿನ ತೂಕದ ಚೀಟಿಯನ್ನು ಯಲ್ಲವ್ವ ನನ್ನ ಕೈಗೆ ಕೊಟ್ಟಳು. 2235.

"ನೋಡ್ರಿ ಅಕ್ಕಾರ, ಎರಡು ಕಿಲೋದ ಮ್ಯಾಲೆ" ಎಂದಳು. "ಇನ್ನ ನೀವು ಬರೂದು ಬ್ಯಾಡ. ಬರೂದಿದ್ರ ಮನಿಗೆ ಬರ್ರಿ, ಉಣ್ಣಾಕ."

ಆಟೋ ಹೋದ ಮೇಲೆ ನಾನು ಬಸ್ಸು ಹಿಡಿದು ಕೊಪ್ಪಳಕ್ಕೆ ಬಂದೆ. ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಎರಡು ರೊಟ್ಟಿ ತಿಂದು, ಸ್ವಲ್ಪ ಒರಗುತ್ತೇನೆ ಎಂದು ಯಜಮಾನರಿಗೆ ಹೇಳಿ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಇಳಿದಿತ್ತು, ಬೀದಿಯಲ್ಲಿ ಭಾನುವಾರದ ಸದ್ದು. ಯಜಮಾನರು ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎಷ್ಟು ಸಲ ಕರೆದರೂ ನಾನು ಏಳಲಿಲ್ಲವಂತೆ. ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಅವರು ಆಗಾಗ ಮೂಗಿನ ಹತ್ತಿರ ಕೈ ಹಿಡಿದು ನೋಡಿದರಂತೆ.